ಹಲಗೆಗಿಂತ ಮೊದಲು ಜಂತೆ

ಇಂಗ್ಲೆಂಡಿನಲ್ಲಿ ಹಳೆಯ ಮನೆ ಕೊಂಡ ಕನ್ನಡದವರ ನಡುವೆ ಒಂದೆರಡು ಚಳಿಗಾಲ ಕಳೆಯುವಷ್ಟರಲ್ಲಿ ಕಾರ್ಪೆಟ್ಟಿನ ಮಾತು ಬಂದೇ ಬರುತ್ತದೆ. ಅರಿಸಿನದ ಕಲೆ ಹೋಗುವುದಿಲ್ಲ, ಮಗುವಿಗೆ ಧೂಳು ಆಗುವುದಿಲ್ಲ, ಹಬ್ಬದ ದಿನ ನೆಲ ಒರೆಸಿದ ಸಮಾಧಾನವೂ ಇಲ್ಲ. ಕಿತ್ತುಹಾಕಿ ಮರದ ನೆಲ ಮಾಡಿಸೋಣ ಎನ್ನುತ್ತಾರೆ. ಕೂಲಿ ಎಷ್ಟೆಂದು ಕೇಳಿದ ಮೇಲೆ, ನಾವೇ ಹಾಕಿಕೊಂಡರೆ ಆಗದೇ ಎಂಬ ಯೋಚನೆ ಬರುತ್ತದೆ. ಆಗುತ್ತದೆ. ನನ್ನ ಮನೆಯಲ್ಲಿ ಹಾಕಿದ್ದೇನೆ, ಆಮೇಲೆ ಗೆಳೆಯರ ಮನೆಗಳಲ್ಲಿ ವಾರಾಂತ್ಯಕ್ಕೆ ಹೋಗಿ ಕೈಜೋಡಿಸಿದ್ದೇನೆ. ಆದರೆ ಅಂಗಡಿಗೆ ಹೋಗಿ ಓಕ್ ಬಣ್ಣ ಆರಿಸುವುದರಿಂದ ಈ ಕೆಲಸ ಶುರುವಾಗುವುದಿಲ್ಲ.

ನಮ್ಮ ಕಡೆ ನೆಲವೆಂದರೆ ಗಟ್ಟಿ. ಮಣ್ಣು ತುಂಬಿ, ದಮ್ಮಸು ಹಾಕಿ, ಮೇಲೆ ಕಾಂಕ್ರೀಟು, ಅದರ ಮೇಲೆ ರೆಡ್ ಆಕ್ಸೈಡೋ ಗ್ರಾನೈಟೋ. ಇಲ್ಲಿನ ವಿಕ್ಟೋರಿಯಾ ಕಾಲದ ಸಾಲುಮನೆಗಳಲ್ಲಿ, 1930ರ ದಶಕದ ಜೋಡಿಮನೆಗಳಲ್ಲಿ ಕೆಳಗಿನ ಅಂತಸ್ತಿನ ನೆಲವೂ ಸಾಮಾನ್ಯವಾಗಿ ಟೊಳ್ಳು. ಪೈನ್ ಹಲಗೆ, ಅದರಡಿ ಸಾಲಾಗಿ ಮಲಗಿದ ಜಂತೆಗಳು, ಜಂತೆಗಳಡಿ ಅಲ್ಲಲ್ಲಿ ಇಟ್ಟಿಗೆಯ ಗಿಡ್ಡ ಗೋಡೆ, ಉಳಿದದ್ದು ಗಾಳಿ, ಅದರಡಿ ಬರಿ ಮಣ್ಣು. ನಮ್ಮ ಮಲೆನಾಡಿನ ಅಟ್ಟದ ರಚನೆಯೇ. ಅದು ತಲೆಯ ಮೇಲೆ, ಇದು ಕಾಲಡಿ. ಇಂಥ ನೆಲದ ಮೇಲೆ ಎಂಜಿನಿಯರ್ಡ್ ಮರದ ಹಲಗೆ ಹಾಕುವುದರಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

1. ಬಣ್ಣಕ್ಕಿಂತ ಮೊದಲು ದಪ್ಪ ಕೇಳಿ

ಎಂಜಿನಿಯರ್ಡ್ ಹಲಗೆ ಇಡಿಯಾಗಿ ಓಕ್ ಅಲ್ಲ. ಮೇಲೆ 3ರಿಂದ 6 ಮಿ.ಮೀ. ದಪ್ಪದ ನಿಜವಾದ ಓಕ್ ಪದರ, ಅದರಡಿ ಒಂದರ ಮೇಲೊಂದು ಅಡ್ಡಡ್ಡವಾಗಿ ಅಂಟಿಸಿದ ಪ್ಲೈವುಡ್. ಪದರಗಳ ಎಳೆ ಬೇರೆ ಬೇರೆ ದಿಕ್ಕಿಗೆ ಇರುವುದರಿಂದ ಒಂದು ಹಿಗ್ಗಲು ಹೊರಟರೆ ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಇಡೀ ಮರದ ಹಲಗೆಗಿಂತ ಇದು ಕಡಿಮೆ ಸೊಟ್ಟಗಾಗಲು ಕಾರಣ ಇದೇ. ಅಂಗಡಿಯಲ್ಲಿ 14, 15, 18, 20, 21 ಮಿ.ಮೀ. ದಪ್ಪಗಳಲ್ಲಿ ಸಿಗುತ್ತದೆ. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ.

ಜಂತೆಯ ಮೇಲೆ ನೇರವಾಗಿ ಹಾಕಿದಾಗ ಆ ಹಲಗೆಯೇ ಜನರ ಭಾರ ಹೊರಬೇಕು. ಒಂದು ಜಂತೆಗೂ ಇನ್ನೊಂದಕ್ಕೂ ನಡುವಿನ ಬಯಲಿನಲ್ಲಿ ಹಲಗೆಗೆ ಬೇರೆ ಆಸರೆ ಇಲ್ಲ. 14–15 ಮಿ.ಮೀ. ಹಲಗೆ ಈ ಕೆಲಸಕ್ಕೆ ಹುಟ್ಟಿದ್ದಲ್ಲ. ಅದು ಪ್ಲೈ ಮೇಲೋ ಹಳೆಯ ಹಲಗೆಯ ಮೇಲೋ ಕೂರಬೇಕಾದದ್ದು. ನೇರ ಹಾಕುವುದಾದರೆ 18 ಮಿ.ಮೀ.ಗಿಂತ ಕಡಿಮೆ ಬೇಡ; ಅದೂ ತಯಾರಕರು ತಮ್ಮ ಹಾಳೆಯಲ್ಲಿ ‘ಜಂತೆಯ ಮೇಲೆ ಹಾಕಬಹುದು’ ಎಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ. ಜಂತೆಯ ನಡುಗೆರೆಯಿಂದ ಮುಂದಿನ ಜಂತೆಯ ನಡುಗೆರೆಗೆ ಸಾಮಾನ್ಯವಾಗಿ 400 ಮಿ.ಮೀ. ಮಿತಿ. ಹಳೆಯ ಮನೆಗಳಲ್ಲಿ ಈ ಅಂತರ ಒಂದೇ ಸಮ ಇರುವುದಿಲ್ಲ. ಒಂದು ಕಡೆ 14 ಅಂಗುಲ, ಒಲೆಗೂಡಿನ ಹತ್ತಿರ 18 ಅಂಗುಲ. ಪ್ರತಿ ಅಂತರವನ್ನೂ ಅಳೆದು ಬರೆದುಕೊಳ್ಳಿ, ಅತಿ ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ನಿಯಮಕ್ಕೆ ವಿನಾಯಿತಿಯೇ ಇಲ್ಲ: ಹಲಗೆ ಜಂತೆಗೆ ಅಡ್ಡವಾಗಿಯೇ ಓಡಬೇಕು. ಕಿಟಕಿಯ ಬೆಳಕಿನ ದಿಕ್ಕಿಗೆ ಹಲಗೆ ಉದ್ದ ಕಾಣಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಜಂತೆಯೂ ಅದೇ ದಿಕ್ಕಿಗಿದ್ದರೆ ಮೊದಲು 18 ಮಿ.ಮೀ. ಪ್ಲೈ ಹೊದಿಸಿ, ಆಮೇಲೆ ನಿಮ್ಮಿಷ್ಟ.

ನೇರ ಹಾಕುವುದೇ ಒಳ್ಳೆಯದು ಎಂದು ನಾನು ಯಾರಿಗೂ ಹೇಳುವುದಿಲ್ಲ. ಹಳೆಯ ಪೈನ್ ಹಲಗೆ ಗಟ್ಟಿಯಾಗಿದ್ದರೆ, ಮಟ್ಟವಾಗಿದ್ದರೆ, ಅದನ್ನು ಕೀಳುವುದು ಅನ್ಯಾಯ. ಸಡಿಲ ಇರುವ ಕಡೆ ಸ್ಕ್ರೂ ಬಿಗಿದು ಅದರ ಮೇಲೆಯೇ ಹೊಸದನ್ನು ಅಡ್ಡಲಾಗಿ ಹಾಕಬಹುದು. ಹಳೆಯ ಹಲಗೆಯನ್ನು ಕೊಳಾಯಿಯವರು, ಕರೆಂಟಿನವರು ದಶಕಗಳಿಂದ ತುಂಡು ತುಂಡು ಮಾಡಿಟ್ಟಿದ್ದರೆ, ಅಥವಾ ನೆಲ ಎತ್ತರವಾಗಿ ಬಾಗಿಲು, ಮೆಟ್ಟಿಲುಗಳ ಲೆಕ್ಕ ತಪ್ಪುತ್ತದೆ ಎನ್ನುವಂತಿದ್ದರೆ, ಆಗ ಜಂತೆಯವರೆಗೆ ಇಳಿಯಿರಿ. ಈಚಿನ ಮನೆಗಳಲ್ಲಿ ಜಂತೆಯ ಮೇಲೆ ಚಿಪ್‌ಬೋರ್ಡ್ ಇರುತ್ತದೆ; ಜಂತೆ 450 ಮಿ.ಮೀ. ಅಂತರದಲ್ಲಿದ್ದರೆ 18 ಮಿ.ಮೀ.ನದ್ದು, 600 ಇದ್ದರೆ 22 ಮಿ.ಮೀ.ನದ್ದು. ಅದು ನೆನೆದು ಉಬ್ಬಿರದಿದ್ದರೆ ಕೀಳಲು ಕಾರಣವೇ ಇಲ್ಲ.

2. ನೆಲದಡಿಯ ಗಾಳಿಯೇ ನೆಲದ ಆಯುಷ್ಯ

ಹಳೆಯ ಹಲಗೆ ಎತ್ತಿದ ಕೂಡಲೇ ಹೊಸದನ್ನು ತಂದಿಡುವ ಆತುರ ಬೇಡ. ಒಂದು ಟಾರ್ಚು, ಒಂದು ಚೂಪು ಸ್ಕ್ರೂಡ್ರೈವರು ಹಿಡಿದು ಒಳಗೆ ಇಳಿಯಿರಿ. ಮೊದಲು ಮೂಗಿಗೆ ಕೆಲಸ. ಒಣ ಮಣ್ಣಿನ, ಹಳೆಯ ಮರದ ವಾಸನೆ ಬಂದರೆ ಒಳ್ಳೆಯದು. ಅಣಬೆಯ ವಾಸನೆ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ.

ಜಂತೆಯ ನಡುಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಹಾಳಾಗುವುದು ತುದಿ; ಹೊರಗೋಡೆಯೊಳಗೆ ಹೊಕ್ಕಿರುವ ಅರ್ಧ ಅಡಿ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗಟ್ಟಿ ಮರ ಎದುರು ನಿಲ್ಲುತ್ತದೆ. ಕೊಳೆತದ್ದು ಮೊನೆಯನ್ನು ಸದ್ದಿಲ್ಲದೆ ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಮರ ಚೌಕ ಚೌಕವಾಗಿ ಬಿರುಕು ಬಿಟ್ಟು, ಹತ್ತಿಯಂಥ ಬಿಳಿ ಎಳೆ ಹಬ್ಬಿದ್ದರೆ ಅದು ಡ್ರೈ ರಾಟ್ ಎಂಬ ಶಿಲೀಂಧ್ರ. ಹೆಸರಲ್ಲಿ ‘ಡ್ರೈ’ ಇದ್ದರೂ ಮರದಲ್ಲಿ ಸುಮಾರು ಶೇ. 20ಕ್ಕಿಂತ ಹೆಚ್ಚು ತೇವ ಇಲ್ಲದೆ ಅದು ಬದುಕದು. ಇಟ್ಟಿಗೆ ಗೋಡೆಯನ್ನೇ ದಾಟಿ ಪಕ್ಕದ ಕೋಣೆಯ ಮರಕ್ಕೆ ಹೋಗುವ ತಾಕತ್ತು ಅದಕ್ಕಿದೆ, ಆದ್ದರಿಂದ ಇದನ್ನು ಬಲ್ಲವರ ಕೈಗೇ ಕೊಡಿ. ಒಂದೆರಡು ಮಿ.ಮೀ. ಅಗಲದ ದುಂಡು ತೂತುಗಳಿದ್ದರೆ ಮರ ಕೊರೆಯುವ ಹುಳ. ತೂತು ನೋಡಿ ಗಾಬರಿಯಾಗಬೇಡಿ, ಎಷ್ಟೋ ಸಲ ಹುಳ ಹೊರಟುಹೋಗಿ ತಲೆಮಾರೇ ಕಳೆದಿರುತ್ತದೆ. ತೂತಿನಡಿ ಹೊಸದಾಗಿ ತಿಳಿಬಣ್ಣದ ಪುಡಿ ಉದುರಿದೆಯೇ ನೋಡಿ. ಉದುರಿದ್ದರೆ ಹುಳ ಇನ್ನೂ ಒಳಗಿದೆ.

ಇಷ್ಟಕ್ಕೂ ಮೂಲ ಒಂದೇ, ಗಾಳಿ. ಹೊರಗೋಡೆಯ ಬುಡದಲ್ಲಿ ತೂತುತೂತಾದ ಇಟ್ಟಿಗೆಗಳನ್ನು ನೋಡಿರುತ್ತೀರಿ, ಏರ್‌ಬ್ರಿಕ್ ಎನ್ನುತ್ತಾರೆ. ಮುಂದಿನ ಗೋಡೆಯ ತೂತಿನಿಂದ ಹೊಕ್ಕ ಗಾಳಿ ಹಿಂದಿನದರಿಂದ ಹೊರಬೀಳಬೇಕು. ಮಣ್ಣಿನಿಂದ ಏಳುವ ತೇವವನ್ನು ಹೊತ್ತೊಯ್ಯುವುದು ಈ ಗಾಳಿಯೇ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಸಿ ದಸ್ತಾವೇಜು ಹೊರಗೋಡೆಯ ಪ್ರತಿ ಮೀಟರಿಗೆ 1,500 ಚದರ ಮಿ.ಮೀ. ಬಾಯಿ ಬಿಟ್ಟಿರಬೇಕು ಎನ್ನುತ್ತದೆ. ಚಳಿ ಬರುತ್ತದೆಂದು ಇದಕ್ಕೆ ಸಿಮೆಂಟು ಮೆತ್ತಿದವರಿದ್ದಾರೆ. ಹಿತ್ತಲಿಗೆ ಕಲ್ಲುಹಾಸು ಹಾಕಿಸುವಾಗ ಅರ್ಧ ಮುಚ್ಚಿಸಿದವರಿದ್ದಾರೆ. ಹಿಂಬದಿಗೆ ಅಡುಗೆಮನೆ ವಿಸ್ತರಿಸಿ, ಅದಕ್ಕೆ ಕಾಂಕ್ರೀಟು ನೆಲ ಹಾಕಿಸಿ, ಹಳೆಯ ನೆಲದ ಉಸಿರುದಾರಿ ಕಟ್ಟಿಹೋದದ್ದು ಗೊತ್ತೇ ಆಗದವರು ಇನ್ನೂ ಹೆಚ್ಚು. ನೆಲ ತೆರೆದಿರುವ ಈ ಒಂದೆರಡು ದಿನದಲ್ಲಿ ತೂತುಗಳನ್ನು ಬಿಡಿಸಿ, ಒಳಗೆ ಬಿದ್ದಿರುವ ಇಟ್ಟಿಗೆಚೂರು, ಹಳೆಯ ಮರದ ತುಂಡು ಎಲ್ಲ ಎತ್ತಿ ಹಾಕಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಕಾರ್ಪೆಟ್ಟಿನಡಿ ಹಳೆಯ ವಿನೈಲ್ ಬಿಲ್ಲೆಗಳು, ಅವುಗಳಡಿ ಕಪ್ಪು ಡಾಂಬರಿನಂಥ ಅಂಟು ಕಂಡರೆ ಉಳಿ ಹಾಕಿ ಕೀಳಬೇಡಿ, ಉಜ್ಜಲೂಬೇಡಿ. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕೂ ಹಿಂದಿನ ಇಂಥ ಬಿಲ್ಲೆ, ಅಂಟುಗಳಲ್ಲಿ ಅದು ಇರಬಹುದು. ಒಂದು ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವವರೆಗೆ ಕೈ ಹಚ್ಚಬಾರದು.

3. ತೇವ ಅಳೆಯುವ ಮೀಟರು ಕೊಳ್ಳಿ

ಎರಡು ಮುಳ್ಳಿನ ಸಣ್ಣ ಮೀಟರು ದುಬಾರಿಯೇನಲ್ಲ. ಎಂಜಿನಿಯರ್ಡ್ ಹಲಗೆ ಕಾರ್ಖಾನೆಯಿಂದ ಹೊರಬೀಳುವಾಗ ಅದರಲ್ಲಿ ಹೆಚ್ಚುಕಡಿಮೆ ಶೇ. 7ರಿಂದ 9 ತೇವ ಇರುತ್ತದೆ. ಅದನ್ನು ಶೇ. 18 ತೇವವಿರುವ ಜಂತೆಗೆ ಬಡಿದರೆ ಹಲಗೆ ಕೆಳಗಿನಿಂದ ತೇವ ಕುಡಿದು ಅಂಚು ಎತ್ತುತ್ತದೆ, ಪ್ರತಿ ಹಲಗೆಯೂ ನಡುವೆ ತಗ್ಗಾಗಿ ಕಾಣುತ್ತದೆ. ಜಂತೆ ಎಷ್ಟು ಒಣಗಿರಬೇಕೆಂದು ಹಲಗೆಯ ಜೊತೆ ಬರುವ ಹಾಳೆಯಲ್ಲಿದೆ, ಅದನ್ನು ಓದಿ. ಹೊಸದಾಗಿ ಜೋಡಿಸಿದ ಜಂತೆಯನ್ನು ಬೇರೆಯಾಗಿಯೇ ಅಳೆಯಿರಿ. ಅಂಗಡಿಯ ಹೊರಗೆ ಮಳೆಯಲ್ಲಿ ನಿಂತ ಮರ ಅದು.

ಹಲಗೆಯ ಪೆಟ್ಟಿಗೆಗಳನ್ನು ಹಾಕಬೇಕಾದ ಕೋಣೆಯಲ್ಲೇ, ನೆಲದ ಮೇಲೆ ಮಟ್ಟವಾಗಿ, ಎರಡು ಮೂರು ದಿನ ಮಲಗಿಸಿಡಿ. ಗ್ಯಾರೇಜಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ. ರೇಡಿಯೇಟರು ದಿನನಿತ್ಯದಂತೆ ಓಡುತ್ತಿರಲಿ. ಗೋಡೆಗೆ ಹೊಸ ಪ್ಲಾಸ್ಟರು ಆಗಿದ್ದರೆ ಅದು ಪೂರ್ತಿ ಒಣಗುವ ತನಕ ಹಲಗೆಯನ್ನು ಮನೆಯೊಳಗೇ ತರಬೇಡಿ.

ಊರಿನ ಅನುಭವ ಇಲ್ಲಿ ತಿರುವುಮುರುವು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಚಳಿಗಾಲದಲ್ಲಿ ಹೊರಗೆ ಎಷ್ಟು ಮಳೆ ಬಿದ್ದರೂ ಒಳಗೆ ರೇಡಿಯೇಟರು ಗಾಳಿಯನ್ನು ಒಣಗಿಸಿ ಮರವನ್ನು ಕುಗ್ಗಿಸುತ್ತದೆ. ಬೇಸಿಗೆಯಲ್ಲಿ ಮರ ಮತ್ತೆ ಹಿಗ್ಗುತ್ತದೆ. ಜನವರಿಯಲ್ಲಿ ಹಲಗೆಗಳ ನಡುವೆ ಕೂದಲೆಳೆಯಷ್ಟು ಸಂದು ಕಂಡರೆ ಅದು ರೋಗವಲ್ಲ.

4. ದಾರ ಎಳೆಯದೆ ಮೊಳೆ ಮುಟ್ಟಬೇಡಿ

ಈ ಪಾಠ ನನಗೆ ಖಚಿತವಾದದ್ದು ಲೆಸ್ಟರಿನ ಒಬ್ಬ ಗೆಳೆಯನ ಮನೆಯಲ್ಲಿ. ಅವನ ಅಪ್ಪಯ್ಯ ತೀರ್ಥಹಳ್ಳಿ ಕಡೆಯವರು, ತಮ್ಮ ಮನೆ ಕಟ್ಟುವಾಗ ಬಡಗಿಗಳ ಜೊತೆ ನಿಂತು ಕೆಲಸ ಮಾಡಿಸಿದವರು. ಬೇಸಿಗೆಗೆ ಬಂದಿದ್ದರು. ಹಲಗೆ ಎತ್ತಿದ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಾನು ಒಂದೊಂದೇ ಜಂತೆಯ ಮೇಲೆ ರಸಮಟ್ಟ ಇಟ್ಟು ನೋಡುತ್ತಿದ್ದೆ.

“ರಸಮಟ್ಟ ಆಮೇಲೆ ಇಡದು ಮಾರಾಯ, ಮೊದ್ಲು ದಾರ ಎಳಿ” ಅಂದರು.

“ಅಪ್ಪಯ್ಯ, ಇದು ನೂರು ವರ್ಷದ ಮನೆ, ಎಲ್ಲಾ ಸೊಟ್ಟ ಇರ್ತದೆ” ಎಂದ ಗೆಳೆಯ.

“ಹಂಗಾದ್ರೆ ದಾರ ಇನ್ನೂ ಬೇಕು.”

ಎರಡು ಕೊನೆಯ ಜಂತೆಗಳ ಮೇಲೆ ಒಂದೇ ದಪ್ಪದ ತುಂಡು ಇಟ್ಟು, ಅವುಗಳ ಮೇಲಿಂದ ದಾರ ಬಿಗಿದೆವು. ಅದೇ ದಪ್ಪದ ಮೂರನೆಯ ತುಂಡನ್ನು ಹಿಡಿದು ಒಂದೊಂದು ಜಂತೆಯ ಮೇಲೂ ದಾರದಡಿ ಸರಿಸುತ್ತಾ ಹೋದರೆ ಎಲ್ಲಿ ತಗ್ಗು, ಎಲ್ಲಿ ಉಬ್ಬು ಎಂಬುದು ಕಣ್ಣಿಗೇ ಕಾಣಿಸಿತು. ರಸಮಟ್ಟ ಹೇಳುವುದು ಒಂದು ಜಂತೆ ವಾಲಿದೆಯೇ ಎಂದು. ಆದರೆ ಎಲ್ಲ ಜಂತೆಗಳ ತಲೆ ಒಂದೇ ಸಮತಲದಲ್ಲಿವೆಯೇ ಎಂಬುದು ನಮಗೆ ಬೇಕಾದದ್ದು. ಇಡೀ ನೆಲ ಒಂದು ಮೂಲೆಗೆ ಸ್ವಲ್ಪ ವಾಲಿದ್ದರೆ ಹಳೆಯ ಮನೆಯಲ್ಲಿ ನಡೆಯುತ್ತದೆ, ಗೋಡೆಗಳೂ ವಾಲಿರುತ್ತವೆ. ನಡುವಿನ ಒಂದೇ ಜಂತೆ 5 ಮಿ.ಮೀ. ಕುಸಿದಿದ್ದರೆ ನಡೆಯುವುದಿಲ್ಲ. ಹಲಗೆ ಅದರ ಮೇಲೆ ತೂಗಾಡುತ್ತದೆ, ಮೊಳೆ ಅದನ್ನು ಕೆಳಕ್ಕೆ ಎಳೆಯುತ್ತದೆ, ಕಾಲಿಟ್ಟಾಗ ಮೊಳೆಗೆ ಮರ ಉಜ್ಜಿ ಕಿರ್ ಎನ್ನುತ್ತದೆ. ಮರದ ನೆಲ ಕಿರುಗುಟ್ಟುವುದಕ್ಕೆ ಬಹುಪಾಲು ಕಾರಣ ಈ ಮೊಳೆ ಮತ್ತು ಮರದ ತಿಕ್ಕಾಟ. ಎರಡು ಮೀಟರಿನ ನೇರ ಪಟ್ಟಿಯಡಿ 3 ಮಿ.ಮೀ.ಗಿಂತ ಹೆಚ್ಚು ಸಂದು ಕಾಣದಷ್ಟು ಮಟ್ಟ ಮಾಡಿಕೊಳ್ಳಿ.

ಉಬ್ಬಿದ್ದನ್ನು ಕೀಸುಳಿಯಿಂದ ಇಳಿಸಬಹುದು, ಒಂದೆರಡು ಮಿ.ಮೀ. ಮಾತ್ರ, ಜಂತೆಯ ಬಲವೇ ಅದರ ಎತ್ತರದಲ್ಲಿದೆ. ತಗ್ಗಿಗೆ ಅಲ್ಲಲ್ಲಿ ಬೆಣೆ ತುರುಕುವುದನ್ನು ನಾನು ಒಪ್ಪುವುದಿಲ್ಲ. ಬೆಣೆ ಒಣಗಿ ಜಾರುತ್ತದೆ, ಹಲಗೆಗೆ ಆಸರೆ ಸಿಗುವುದೂ ಅಂಗೈಯಷ್ಟು ಜಾಗದಲ್ಲಿ. ಕುಸಿದ ಜಂತೆಯ ಪಕ್ಕಕ್ಕೆ ಒಣಗಿದ ಹೊಸ ಜಂತೆಯೊಂದನ್ನು ಜೋಡಿಸಿ, ಅದರ ತಲೆ ದಾರಕ್ಕೆ ಸರಿಯಾಗಿ ತಾಗುವಂತೆ ಹಿಡಿದು, ಎರಡನ್ನೂ ಬೋಲ್ಟು ಹಾಕಿ ಬಿಗಿಯುವುದು ನನ್ನ ಪದ್ಧತಿ. ಮರ ಹೆಚ್ಚು ಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ. ಆದರೆ ಹಲಗೆಗೆ ಉದ್ದಕ್ಕೂ ಆಸರೆ, ಮೊಳೆಗೆ ಹೊಸ ಮರ, ಜಂತೆಗೆ ದುಪ್ಪಟ್ಟು ಬಲ. ಜಂತೆಗಳು ಪಕ್ಕಕ್ಕೆ ತಿರುಚದಂತೆ ನಡುನಡುವೆ ಅಡ್ಡತುಂಡುಗಳನ್ನೂ ಬಿಗಿಯಾಗಿ ಕೂರಿಸಿ. ಅವನ್ನು ಇಲ್ಲಿ ನಾಗಿನ್ ಎನ್ನುತ್ತಾರೆ.

ಆ ಕೋಣೆಯಲ್ಲಿ ಜಂತೆ ಸರಿಮಾಡಲು ಹಿಡಿದ ಹೊತ್ತು ಹಲಗೆ ಹಾಕಲು ಹಿಡಿದದ್ದಕ್ಕಿಂತ ಹೆಚ್ಚು. ಹಾಗಾಗುವುದೇ ಸರಿಯಾದ ಲೆಕ್ಕ.

5. ಕೊಳವೆ, ತಂತಿಗಳ ನಕ್ಷೆ

ಜಂತೆಗಳ ನಡುವೆ ಬಿಸಿನೀರಿನ ತಾಮ್ರದ ಕೊಳವೆ, ಕರೆಂಟಿನ ತಂತಿ, ಕೆಲವೊಮ್ಮೆ ಗ್ಯಾಸಿನ ಕೊಳವೆಯೂ ಇರುತ್ತದೆ. ಹಳೆಯ ಕೆಲಸಗಾರರು ಜಂತೆಯ ತಲೆಯಲ್ಲೇ ಕಚ್ಚು ಕೊರೆದು ಕೊಳವೆ ಕೂರಿಸಿರುತ್ತಾರೆ, ಅಂದರೆ ನಿಮ್ಮ ಮೊಳೆ ಇಳಿಯುವ ಜಾಗದಲ್ಲೇ. ಜಂತೆಯ ತಲೆಯಿಂದ 50 ಮಿ.ಮೀ. ಒಳಗೆ ಇಲ್ಲದ ತಂತಿಗೆ ಲೋಹದ ರಕ್ಷಣೆ ಬೇಕೆಂಬುದು ಇಲ್ಲಿನ ನಿಯಮ. ಹಳೆಯ ಮನೆಯಲ್ಲಿ ಅದು ಇರುತ್ತದೆಂದು ನಂಬಬೇಡಿ.

ಹೊಸದಾಗಿ ಕೊರೆಯಬೇಕಾದರೂ ಕಂಡಲ್ಲಿ ಕೊರೆಯುವಂತಿಲ್ಲ. ತೂತು ಜಂತೆಯ ಎತ್ತರದ ನಟ್ಟನಡುವೆ ಇರಬೇಕು, ಎತ್ತರದ ಕಾಲು ಭಾಗಕ್ಕಿಂತ ದೊಡ್ಡದಾಗಬಾರದು, ಆಸರೆಯಿಂದ ಜಂತೆಯ ಉದ್ದದ ಶೇ. 25ರಿಂದ 40ರ ನಡುವೆ ಬರಬೇಕು. ತಲೆಯ ಮೇಲಿನ ಕಚ್ಚು ಎತ್ತರದ ಎಂಟನೆಯ ಒಂದು ಭಾಗ ಮೀರಬಾರದು, ಆಸರೆಯಿಂದ ಉದ್ದದ ಶೇ. 7ರಿಂದ 25ರ ನಡುವೆ ಇರಬೇಕು. ಗ್ಯಾಸಿನ ಕೊಳವೆಯನ್ನು ನೀವಾಗಿ ಮುಟ್ಟಬೇಡಿ, ಅದಕ್ಕೆ ಗ್ಯಾಸ್ ಸೇಫ್ ನೋಂದಣಿ ಇರುವವರೇ ಆಗಬೇಕು.

ಹಲಗೆ ಮುಚ್ಚುವ ಮೊದಲು ಇಡೀ ನೆಲದ ಫೋಟೋ ತೆಗೆಯಿರಿ, ಟೇಪು ಚಾಚಿಟ್ಟು ಅಳತೆ ಕಾಣುವಂತೆ. ಗೋಡೆಯ ಬುಡದಲ್ಲಿ, ಸ್ಕರ್ಟಿಂಗ್ ಮುಚ್ಚುವ ಜಾಗದಲ್ಲಿ, ಪ್ರತಿ ಜಂತೆಯ ನಡುಗೆರೆಗೂ ಪೆನ್ಸಿಲ್ ಗುರುತು, ಕೊಳವೆ ದಾಟುವ ಕಡೆಗೆಲ್ಲ ಕೆಂಪು ಗುರುತು ಹಾಕಿ. ಮೊಳೆ ಹೊಡೆಯುವವನಿಗೆ ಆಮೇಲೆ ಕಾಣುವುದು ಅದೊಂದೇ.

6. ಬೆಚ್ಚಗೆ ಮಾಡಿ, ಉಸಿರು ಕಟ್ಟಿಸಬೇಡಿ

ನೆಲ ತೆರೆದಿರುವಾಗಲೇ ಜಂತೆಗಳ ನಡುವೆ ಉಣ್ಣೆಯಂಥ ಮಿನರಲ್ ವುಲ್ ತುಂಬಿ. ಜಂತೆಯ ಅಡಿಯಿಂದ ಬಲೆ ಕಟ್ಟಿ ಅದರ ಮೇಲೆ ಕೂರಿಸಿದರೆ ಕೆಳಗೆ ಜಾರುವುದಿಲ್ಲ. 100 ಮಿ.ಮೀ. ತುಂಬಿದರೂ ಕಾಲಿಗೆ ವ್ಯತ್ಯಾಸ ತಿಳಿಯುತ್ತದೆ. ಏರ್‌ಬ್ರಿಕ್‌ನ ಬಾಯಿಗೆ ಮಾತ್ರ ಅದು ಅಡ್ಡ ಬರಬಾರದು, ಅಡಿಯಲ್ಲಿ ಗಾಳಿ ಆಡುವ ಬಯಲು ಹಾಗೇ ಇರಬೇಕು. ಚಳಿಗಾಳಿಯನ್ನು ತಡೆಯಲು ಜಂತೆಗಳ ಅಡಿಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತುವ ಯೋಚನೆ ಕೆಲವರಿಗೆ ಬರುತ್ತದೆ, ದಯವಿಟ್ಟು ಬೇಡ. ಒಳಗೆ ಸಿಕ್ಕ ತೇವಕ್ಕೆ ಹೋಗಲು ದಾರಿಯಿರದೆ ಮರದ ಮೇಲೇ ಕೂರುತ್ತದೆ. ಉಸಿರಾಡುವ ಹಾಳೆ ಬೇರೆಯೇ ಸಿಗುತ್ತದೆ, ಅದನ್ನು ಬಳಸಿ.

7. ಮೊದಲ ಸಾಲನ್ನು ಗೋಡೆಯ ಮಾತು ಕೇಳಿ ಹಾಕಬೇಡಿ

ಹಳೆಯ ಮನೆಯ ಗೋಡೆ ನೇರ ಇರುವುದಿಲ್ಲ. ಮೊದಲ ಸಾಲು ಅದನ್ನೇ ಹಿಂಬಾಲಿಸಿದರೆ ಎದುರು ಗೋಡೆ ಮುಟ್ಟುವಷ್ಟರಲ್ಲಿ ಸೊಟ್ಟ ಎದ್ದು ಕಾಣುತ್ತದೆ. ಕೋಣೆಯ ಅಗಲವನ್ನು ಮೂರು ನಾಲ್ಕು ಕಡೆ ಅಳೆದು, ಹಲಗೆಯ ಅಗಲದಿಂದ ಭಾಗಿಸಿ, ಕೊನೆಯ ಸಾಲಿಗೆ ಎಷ್ಟು ಉಳಿಯುತ್ತದೆ ನೋಡಿ. ಎರಡು ಬೆರಳಗಲದ ಪಟ್ಟಿ ಉಳಿಯುವಂತಿದ್ದರೆ ಮೊದಲ ಸಾಲನ್ನೇ ಉದ್ದಕ್ಕೆ ಸೀಳಿ ಕಿರಿದು ಮಾಡಿ, ಎರಡೂ ಬದಿಗೆ ಸಮಾಧಾನದ ಅಗಲ ಬರುವಂತೆ ಹಂಚಿ. ಇಲ್ಲಿನ ಬೈಠಕ್ಕಿನ ಕೋಣೆಗಳಲ್ಲಿ ಒಲೆಗೂಡು ಮುಂದಕ್ಕೆ ಚಾಚಿರುತ್ತದೆ. ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಹಾಗಾಗಿ ನಾನು ದಾರವನ್ನು ಅದರ ಮುಖಕ್ಕೆ ಹೊಂದಿಸಿ ಎಳೆಯುತ್ತೇನೆ, ಗೋಡೆಗಳ ಸೊಟ್ಟವನ್ನು ಸ್ಕರ್ಟಿಂಗ್ ನುಂಗಿಕೊಳ್ಳುತ್ತದೆ.

ಮೊಳೆ ಹೊಡೆಯುವ ಮೊದಲು ಐದಾರು ಸಾಲು ಸುಮ್ಮನೆ ಹಾಸಿ ನೋಡಿ. ನಾಲ್ಕೈದು ಪೆಟ್ಟಿಗೆ ಒಟ್ಟಿಗೆ ಬಿಚ್ಚಿ ಹಲಗೆಗಳನ್ನು ಬೆರೆಸಿಕೊಳ್ಳಿ. ಓಕ್ ಒಂದೊಂದು ಪೆಟ್ಟಿಗೆಯಲ್ಲಿ ಒಂದೊಂದು ಛಾಯೆ, ಬೆರೆಸದಿದ್ದರೆ ನೆಲದಲ್ಲಿ ಪಟ್ಟೆಪಟ್ಟೆ ಕಾಣುತ್ತದೆ. ಗಂಟು ಹೆಚ್ಚಿರುವುದನ್ನು, ಅಂಚು ಚೂರು ಮುಕ್ಕಾದದ್ದನ್ನು ಗೋಡೆಯ ಬದಿಗೆ ಎತ್ತಿಡಿ. ಕೊಳ್ಳುವಾಗಲೇ ಶೇ. 10 ಹೆಚ್ಚು ಕೊಂಡಿರಬೇಕು.

8. ನಾಲಿಗೆಯಲ್ಲಿ ಮೊಳೆ

ಹಲಗೆಯ ಒಂದು ಅಂಚಿನಲ್ಲಿ ನಾಲಿಗೆ, ಇನ್ನೊಂದು ಅಂಚಿನಲ್ಲಿ ಅದು ಹೊಕ್ಕುವ ತೋಡು. ಮೊಳೆ ಇಳಿಯಬೇಕಾದದ್ದು ನಾಲಿಗೆಯ ಬುಡದಲ್ಲಿ, 45 ಡಿಗ್ರಿ ಓರೆಯಾಗಿ, ಜಂತೆಯೊಳಕ್ಕೆ. ಮುಂದಿನ ಹಲಗೆಯ ತೋಡು ಅದರ ತಲೆಯನ್ನು ಮುಚ್ಚುತ್ತದೆ, ಮೇಲಿನಿಂದ ಒಂದು ಮೊಳೆಯೂ ಕಾಣುವುದಿಲ್ಲ. ಸುತ್ತಿಗೆಯಿಂದ ಕೈಯಲ್ಲಿ ಹೊಡೆದರೆ ನಾಲಿಗೆ ಸೀಳುವುದು ಖಂಡಿತ. ಇದಕ್ಕೆಂದೇ ಇರುವ ನೈಲರು ಬಾಡಿಗೆಗೆ ಸಿಗುತ್ತದೆ. ಅದನ್ನು ಹಲಗೆಯ ಅಂಚಿಗೆ ಕೂರಿಸಿ ರಬ್ಬರಿನ ಕೊಡತಿಯಿಂದ ಒಂದು ಪೆಟ್ಟು ಕೊಟ್ಟರೆ 50 ಮಿ.ಮೀ. ಮೊಳೆ ಓರೆಯಾಗಿ ಇಳಿಯುತ್ತದೆ, ಅದೇ ಪೆಟ್ಟಿಗೆ ಹಲಗೆಯೂ ಹಿಂದಿನದಕ್ಕೆ ಒತ್ತಿಕೊಳ್ಳುತ್ತದೆ. ಒಂದೇ ಕೋಣೆಯಾದರೆ ಸಣ್ಣ ತಲೆಯ ತೆಳು ಸ್ಕ್ರೂಗಳೂ ಸಾಕು. ನಿಧಾನ, ಆದರೆ ತಪ್ಪಿದರೆ ಬಿಚ್ಚಬಹುದು. ಹಲಗೆ ದಾಟುವ ಪ್ರತಿ ಜಂತೆಗೂ ಒಂದು ಮೊಳೆ ಬೇಕು, ಒಂದನ್ನೂ ಬಿಡುವಂತಿಲ್ಲ.

ಮೊಳೆಯ ಸದ್ದು ಕೇಳುವುದನ್ನು ರೂಢಿಸಿಕೊಳ್ಳಿ. ಜಂತೆಗೆ ಇಳಿದ ಮೊಳೆಯ ಸದ್ದು ಗಿಡ್ಡ, ತುಂಬಿದ್ದು. ಜಂತೆ ತಪ್ಪಿ ಬಯಲಿಗೆ ಹೋದದ್ದರ ಸದ್ದು ಟೊಳ್ಳು, ಕೈಗೂ ಹಲಗೆ ಪುಟಿದಂತೆ ಆಗುತ್ತದೆ. ಅಂಥದ್ದನ್ನು ಆಗಲೇ ಸರಿಪಡಿಸಿ ಮುಂದೆ ಹೋಗಿ. ಮೊಳೆಯ ತಲೆ ನಾಲಿಗೆಯ ಮೇಲೆ ಕೂದಲಷ್ಟು ಎದ್ದು ನಿಂತರೂ ಮುಂದಿನ ಹಲಗೆ ಕೂರುವುದಿಲ್ಲ. ಅದು ಕೂರಲಿಲ್ಲವೆಂದು ಸುತ್ತಿಗೆ ಪೆಟ್ಟು ಜೋರು ಮಾಡುವುದರ ಬದಲು ಬೆರಳಾಡಿಸಿ ನೋಡಿ.

ತಯಾರಕರು ಒಪ್ಪಿದರೆ ಜಂತೆಯ ತಲೆಗೆ, ಒಣಗಿದ ಮೇಲೂ ರಬ್ಬರಿನಂತೆ ಹಿಗ್ಗುವ ಅಂಟನ್ನು ಒಂದು ಗೆರೆ ಹಚ್ಚಿ. ಅಂಟು ಹಿಡಿದ ಹಲಗೆ ಮೊಳೆಯ ಮೇಲೆ ಮೇಲೆಕೆಳಗೆ ಆಡುವುದಿಲ್ಲ, ಹಾಗಾಗಿ ಸದ್ದಿಲ್ಲ. ಮೊದಲ ಮತ್ತು ಕೊನೆಯ ಸಾಲಿನಲ್ಲಿ ನೈಲರು ಹಿಡಿಸುವುದಿಲ್ಲ. ಅಲ್ಲಿ ತೂತು ಕೊರೆದು ಮೇಲಿನಿಂದಲೇ ಮೊಳೆ ಹೊಡೆಯಿರಿ, ಸ್ಕರ್ಟಿಂಗ್ ಅಡಿ ಮುಚ್ಚಿಹೋಗುತ್ತದೆ.

9. ತುದಿಗಳ ಸಂದು

ಎರಡು ಹಲಗೆಗಳ ತುದಿ ಸೇರುವ ಜಾಗ ಜಂತೆಯ ಮೇಲೇ ಬಂದರೆ ಉತ್ತಮ. ತುದಿಯಲ್ಲೂ ನಾಲಿಗೆ, ತೋಡು ಇರುವ ಹಲಗೆಯಾದರೆ ಕೆಲವು ತಯಾರಕರು ಜಂತೆಗಳ ನಡುವೆ ಸೇರಿಸಲು ಬಿಡುತ್ತಾರೆ. ಆಗ ಆ ಸಂದಿಗೆ ಅಂಟು ಕಡ್ಡಾಯ, ಪಕ್ಕದ ಸಾಲಿನ ಸಂದು ಅದೇ ಅಂಕಣದಲ್ಲಿ ಬರಬಾರದು. ಅಕ್ಕಪಕ್ಕದ ಸಾಲುಗಳ ಸಂದುಗಳಿಗೆ ಕನಿಷ್ಠ 300 ಮಿ.ಮೀ. ದೂರ ಇರಲಿ.

10. ಸುತ್ತ ಖಾಲಿ ಜಾಗ ಬಿಡಿ

ಗೋಡೆಯ ಸುತ್ತ 10ರಿಂದ 15 ಮಿ.ಮೀ. ಬಿಟ್ಟಿರಬೇಕು. ಕೋಣೆ ಅಗಲವಾದಷ್ಟೂ ಈ ಜಾಗವೂ ಹೆಚ್ಚಬೇಕು. ಒಲೆಗೂಡಿನ ಕಲ್ಲಿನ ಸುತ್ತ, ಬಾಗಿಲ ಚೌಕಟ್ಟಿನ ಬುಡದಲ್ಲಿ, ರೇಡಿಯೇಟರಿನ ಕೊಳವೆಯ ಸುತ್ತಲೂ ಇದೇ ನಿಯಮ. ಜನ ಸಾಮಾನ್ಯವಾಗಿ ಗೋಡೆಯ ಬದಿಗೆ ಬಿಟ್ಟು ಕೊಳವೆಯ ಹತ್ತಿರ ಮರೆಯುತ್ತಾರೆ. ಬೇಸಿಗೆಯಲ್ಲಿ ಇಡೀ ನೆಲ ಹಿಗ್ಗಿದಾಗ ಎಲ್ಲೋ ಒಂದು ಕಡೆ ತಾಗಿದರೂ ಸಾಕು, ಅಲ್ಲಿಂದ ಹಲಗೆ ಮೇಲೇಳುತ್ತದೆ. 15 ಮಿ.ಮೀ. ಕೊಳವೆಗೆ 35 ಮಿ.ಮೀ. ತೂತು ಕೊರೆದು ಮೇಲೆ ಮರದ ಬಳೆ ತೊಡಿಸಿ. ಕೆಲಸ ನಡೆಯುವಾಗ ಸಂದಿಯಲ್ಲಿ ಇಟ್ಟ ಬೆಣೆಗಳನ್ನು ಮುಗಿದ ಕೂಡಲೇ ಎಣಿಸಿ ತೆಗೆಯಿರಿ. ಸ್ಕರ್ಟಿಂಗನ್ನು ಗೋಡೆಗೆ ಮಾತ್ರ ಬಿಗಿಯಿರಿ, ನೆಲಕ್ಕಲ್ಲ.

ಚೌಕಟ್ಟಿನ ಸುತ್ತ ಹಲಗೆಯನ್ನು ಆಕಾರಕ್ಕೆ ಕತ್ತರಿಸುತ್ತಾ ಕೂರುವುದು ವ್ಯರ್ಥ ಶ್ರಮ. ಹಲಗೆಯ ಒಂದು ತುಂಡನ್ನು ಚೌಕಟ್ಟಿನ ಬುಡಕ್ಕೆ ತಾಗಿಸಿಟ್ಟು, ಅದರ ಮೇಲೆ ಕೈಗರಗಸ ಮಲಗಿಸಿ ಚೌಕಟ್ಟನ್ನೇ ಕುಯ್ಯಿರಿ. ಹಲಗೆ ಅದರಡಿ ನುಸುಳಿ ಕೂರುತ್ತದೆ.

11. ಫ್ಲಾಟಿನಲ್ಲಿದ್ದರೆ ಮೊದಲು ಕಾಗದ ನೋಡಿ

ಮೇಲಂತಸ್ತಿನ ಫ್ಲಾಟಿನಲ್ಲಿ ಕಾರ್ಪೆಟ್ ತೆಗೆದರೆ ಕೆಳಗಿನವರಿಗೆ ನಿಮ್ಮ ಮನೆಯ ಪ್ರತಿ ಹೆಜ್ಜೆಯೂ ಕೇಳುತ್ತದೆ. ಎಷ್ಟೋ ಲೀಸಿನ ಕರಾರುಗಳಲ್ಲಿ ಕಾರ್ಪೆಟ್ ಇರಲೇಬೇಕೆಂಬ ಷರತ್ತಿದೆ. ಹೊಸದಾಗಿ ಕಟ್ಟಿದ ಫ್ಲಾಟುಗಳ ನಡುವಿನ ನೆಲದಲ್ಲಿ ಹೆಜ್ಜೆಯ ಸದ್ದು 62 ಡೆಸಿಬೆಲ್ ಮೀರಬಾರದು, ಹಳೆಯ ಮನೆಯನ್ನು ಫ್ಲಾಟುಗಳಾಗಿ ಒಡೆದಿದ್ದರೆ 64, ಎಂದು ಕಟ್ಟಡ ನಿಯಮಗಳ ಇ ದಸ್ತಾವೇಜು ಹೇಳುತ್ತದೆ. ಜಂತೆಗೆ ನೇರವಾಗಿ ಮೊಳೆ ಹೊಡೆದ ನೆಲ ಸದ್ದನ್ನು ಸಲೀಸಾಗಿ ಕೆಳಕ್ಕೆ ಇಳಿಸುತ್ತದೆ. ಫ್ಲಾಟಿನವರಿಗೆ ನನ್ನ ಸಲಹೆ ಇಷ್ಟೇ: ಜಂತೆಗೆ ನೇರ ಹಾಕಬೇಡಿ, ಲಿಖಿತ ಒಪ್ಪಿಗೆ ಪಡೆದು, ಸದ್ದು ನುಂಗುವ ಪದರದ ಮೇಲೆ, ಮೊಳೆ ಹೊಡೆಯದೆ, ತೇಲುವ ನೆಲ ಹಾಕಿ. ಕೆಳಗಿನ ಮನೆಯಲ್ಲೂ ಮಲಗುವ ಮಗು ಇರುತ್ತದೆ.

12. ಹಾಕಿದ ಮೇಲೆ

ನಮ್ಮವರು ಬಕೆಟ್ ನೀರು ಇಟ್ಟುಕೊಂಡು ನೆಲ ಒರೆಸುವವರು. ಈ ನೆಲಕ್ಕೆ ಅದು ಆಗುವುದಿಲ್ಲ. ಬಟ್ಟೆ ಚೆನ್ನಾಗಿ ಹಿಂಡಿ, ಬರಿ ಪಸೆ ಇರುವಂತೆ ಒರೆಸಿ. ದೇವರ ಮುಂದೆ ದೀಪದೆಣ್ಣೆ ಸೋರುವ ಕಡೆ ತಟ್ಟೆ ಇಡಿ. ಈಳಿಗೆಮಣೆ, ವೆಟ್ ಗ್ರೈಂಡರುಗಳ ಕಾಲಿಗೆ ಫೆಲ್ಟ್ ಅಂಟಿಸಿ. ಎಣ್ಣೆ ಹಚ್ಚಿದ ಮೇಲ್ಮೈಯನ್ನೇ ನಾನು ಆರಿಸುವುದು, ಏಕೆಂದರೆ ಗೀರು ಬಿದ್ದ ಒಂದು ಅಡಿ ಜಾಗವನ್ನು ಮಾತ್ರ ಉಜ್ಜಿ ಮತ್ತೆ ಎಣ್ಣೆ ಹಚ್ಚಬಹುದು. ವಾರ್ನಿಷಿನದ್ದು ಹೆಚ್ಚು ದಿನ ಹೊಸದಾಗಿ ಕಾಣುತ್ತದೆ, ಆದರೆ ರಿಪೇರಿಗೆ ನಿಂತರೆ ಇಡೀ ಕೋಣೆಯನ್ನೇ ಉಜ್ಜಬೇಕು.

ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಒಣಹಾಕಿ, ಅಥವಾ ನೀರಲ್ಲಿ ನೆನೆಸಿ ಲೋಹದ ಡಬ್ಬಿಯಲ್ಲಿಡಿ. ಮಿಕ್ಕ ಹಲಗೆಗಳನ್ನು ಚಳಿ, ಸೆಕೆ ವಿಪರೀತ ಇರುವ ಲಾಫ್ಟಿಗೆ ಹಾಕದೆ ಮನೆಯೊಳಗೇ, ಮಂಚದಡಿ ಮಟ್ಟವಾಗಿ ಇಟ್ಟುಕೊಳ್ಳಿ, ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆ ಇರುವ ಪೆಟ್ಟಿಗೆಯ ಚೀಟಿಯ ಜೊತೆಗೆ. ಮುಂದೆ ಎಂದಾದರೂ ಕೊಳವೆ ಸೋರಿ ಎರಡು ಹಲಗೆ ಬದಲಿಸಬೇಕಾದರೆ, ಅದೇ ಛಾಯೆ ಅಂಗಡಿಯಲ್ಲಿ ಸಿಗುತ್ತದೆಂಬ ಭರವಸೆ ಇಲ್ಲ.